ಯಜಮಾನರ ಗಾಯ

“ಲೇ ಏಣಿ, ಹಣೆಗೆ ಯಾಕೆ ಹೊಡೀತೀಯೇ ಪಿನ್ನು? ಮೂಲೆಗೆ ಹೊಡಿ. ಮುಖಕ್ಕೆ ತೂತು ಬಿದ್ರೆ ಹಿಂಬಾಗಿಲವ್ರು ಮಾಲು ವಾಪಸ್ ಎಸೀತಾರೆ. ಆಮೇಲೆ ನಿಮ್ಮಪ್ಪ ಬರ್ತಾನಾ ಹೊತ್ಕೊಂಡು ಹೋಗೋಕೆ?”

ಮೇಸ್ತ್ರಿ ಹೀಗೆ ಕೂಗಿದಾಗ ನನ್ನ ನಾದಿನಿ ತಲೆ ಎತ್ತಲಿಲ್ಲ. ಪಿನ್ನು ಹೊಡೆಯುವ ಗನ್ನನ್ನು ಮೂಲೆಗೆ ಸರಿಸಿ ಟಕ್ಕೆಂದು ಒತ್ತಿದಳು. ರಟ್ಟಿನ ಮೇಲಿದ್ದ ಮುಖ ಅವಳದೇ. ಗುರುತು ಸಿಗಬಾರದೆಂದು ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದಿದ್ದರು. ಆದರೆ ಅಷ್ಟು ಉದ್ದದ ಕತ್ತು ನಮ್ಮ ಬೀದಿಯಲ್ಲಿ ಇನ್ನೊಬ್ಬರಿಗಿಲ್ಲ. ಮುಖದ ಕೆಳಗೆ ದಪ್ಪ ಅಕ್ಷರದಲ್ಲಿ ‘ನೊಂದ ಹೆಣ್ಣಿಗೆ ನ್ಯಾಯ ಕೊಡಿ’ ಎಂದಿತ್ತು. ನೊಂದ ಹೆಣ್ಣು ಕೋಲು ಕೂರಿಸಿ, ಉಳಿದ ಮೂಲೆಗಳಿಗೂ ಪಿನ್ನು ಹೊಡೆದು, ತನ್ನನ್ನು ರಾಶಿಯ ಮೇಲೆ ಎಸೆದು, ಇನ್ನೊಂದು ತನ್ನನ್ನು ಎಳೆದುಕೊಂಡಳು.

“ಮುಖ ಅವಳದು ಮೇಸ್ತ್ರಿ. ಎಲ್ಲಿ ಬೇಕಾದ್ರೂ ಹೊಡ್ಕೊಳ್ಲಿ ಬಿಡು,” ಎಂದಳು ಬೊಕ್ಕಜ್ಜಿ. ಅವಳಿಗೆ ಬಾಯಲ್ಲಿ ಹಲ್ಲಿಲ್ಲ, ಮೇಸ್ತ್ರಿಯ ಹೆದರಿಕೆಯೂ ಇಲ್ಲ.

“ಮುಖ ಅವಳದು. ಪಿನ್ನು ಯಜಮಾನ್ರದು,” ಎಂದ ಮೇಸ್ತ್ರಿ.

ಅದು ನಿಜ. ಪಿನ್ನು, ರಟ್ಟು, ಅಂಟು, ತಲೆಯ ಮೇಲಿನ ತಗಡು, ಶೆಡ್ಡಿನ ಹಿಂದಿನ ಸಾಲು ಕೋಣೆಗಳು, ಅದರಲ್ಲಿ ನಾನು, ನನ್ನ ಗಂಡ, ಅವನ ತಂಗಿ ಏಣಿ ಮಲಗುವ ಒಂದು ಕೋಣೆ, ನನ್ನ ಗಂಡ ಓಡಿಸುವ ಲಾರಿ, ಎಲ್ಲ ಯಜಮಾನರದು. ಬೇರೆ ದಿನಗಳಲ್ಲಿ ಸೋಪಿನ ಪೆಟ್ಟಿಗೆ ಮಡಚುತ್ತೇವೆ. ಚುನಾವಣೆ ಬಂತೆಂದರೆ ಬೋರ್ಡು, ಬಾವುಟ, ಟೋಪಿ. ಎರಡೂ ಪಕ್ಷಗಳ ಸಾಮಾನು ಇಲ್ಲೇ ಆಗುತ್ತದೆ. ಒಬ್ಬರದು ಇನ್ನೊಬ್ಬರ ಕಣ್ಣಿಗೆ ಬೀಳಬಾರದೆಂದು ಒಬ್ಬರ ಮಾಲನ್ನು ಮುಂಬಾಗಿಲಿಂದ, ಇನ್ನೊಬ್ಬರದನ್ನು ಹಿಂಬಾಗಿಲಿಂದ ಲಾರಿಗೆ ತುಂಬುತ್ತೇವೆ. ಹಾಗಾಗಿ ನಮ್ಮ ಬಾಯಲ್ಲಿ ಅವರು ಮುಂಬಾಗಿಲವರು, ಇವರು ಹಿಂಬಾಗಿಲವರು. ಅವರ ನಿಜವಾದ ಹೆಸರುಗಳು ಉದ್ದ. ಅದರಲ್ಲಿ ಜನ, ದೇಶ, ಏಳಿಗೆ ಎಲ್ಲ ಬರುತ್ತವೆ. ಶೆಡ್ಡಿನಲ್ಲಿ ಓದಲು ಬರುವುದು ನನಗೆ ಮತ್ತು ಏಣಿಗೆ ಮಾತ್ರ. ಉಳಿದವರು ಚಿತ್ರ ನೋಡಿ ಮಾಲು ಗುರುತಿಸುತ್ತಾರೆ. ಯಜಮಾನರ ಮುಖವಿದ್ದರೆ ಮುಂಬಾಗಿಲು. ಏಣಿಯ ಮುಖವಿದ್ದರೆ ಹಿಂಬಾಗಿಲು.

ಯಜಮಾನರು ಮುಂಬಾಗಿಲವರ ಕಡೆಯಿಂದ ಚುನಾವಣೆಗೆ ನಿಲ್ಲಲು ಹೊರಟವರು. ಹಾಗಿದ್ದ ಮೇಲೆ ಅವರಿಗೆ ಧಿಕ್ಕಾರ ಕೂಗುವ ಬೋರ್ಡು ಅವರದೇ ಶೆಡ್ಡಿನಲ್ಲಿ ಹೇಗೆ ಆಗುತ್ತದೆ ಎಂದು ಬೊಕ್ಕಜ್ಜಿ ಒಮ್ಮೆ ಕೇಳಿದ್ದಳು. “ವ್ಯಾಪಾರ ಬೇರೆ, ರಾಜಕೀಯ ಬೇರೆ ಕಣಜ್ಜಿ,” ಎಂದಿದ್ದ ಮೇಸ್ತ್ರಿ. “ನಾವು ಮಾಡ್ದೇ ಇದ್ರೆ ಇನ್ನೊಬ್ಬ ಮಾಡ್ತಾನೆ. ಬೈಸ್ಕೊಳ್ಳೋದಂತೂ ತಪ್ಪಲ್ಲ, ಲಾಭನಾದ್ರೂ ಮನೇಲಿರ್ಲಿ.”

ಏಣಿ ಎಂಬುದು ಅವಳ ಎತ್ತರಕ್ಕೆ ಶೆಡ್ಡು ಇಟ್ಟ ಹೆಸರು. ಮೇಲಿನ ಅಟ್ಟದ ರಟ್ಟನ್ನು ಅವಳು ಸ್ಟೂಲಿಲ್ಲದೆ ಇಳಿಸುತ್ತಾಳೆ. ಅದರಿಂದಲೇ ಅವಳಿಗೆ ಕೇಡಾಯಿತು. ಯಜಮಾನರ ಕಚೇರಿಯಲ್ಲಿ ಕಿಟಕಿಯ ಮೇಲೆ ಬ್ಯಾನರು ಹೊಡೆಯಬೇಕಿತ್ತು. “ಏಣಿ ಯಾಕೆ ಹೊರ್ತೀರಾ, ಏಣೀನೇ ಕಳಿಸಿ,” ಎಂದು ಮೇಸ್ತ್ರಿ ನಗೆಯಾಡಿದ. ಅವಳು ಗನ್ನು ಹಿಡಿದು ಹೋದಳು. ಎರಡೂ ಕೈ ಮೇಲೆತ್ತಿ ಬಟ್ಟೆಯ ಅಂಚನ್ನು ಗೋಡೆಯ ಪಟ್ಟಿಗೆ ಒತ್ತಿ ಹಿಡಿದಿದ್ದಾಗ ಯಜಮಾನರು ಬಾಗಿಲು ಹಾಕಿ ಹಿಂದಿನಿಂದ ಬಂದರು. ಎಲ್ಲಿ ಕೈ ಹಾಕಿದರು ಎಂಬುದನ್ನು ಅವಳು ನನಗೆ ಬಾಯಲ್ಲಿ ಹೇಳಲಿಲ್ಲ. ನನ್ನ ಕೈ ಹಿಡಿದು ತನ್ನ ಮೈಮೇಲೆ ಇಟ್ಟು ತೋರಿಸಿದಳು. ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ನನ್ನ ಕೈ ತಣ್ಣಗಾಗಿತ್ತು. ಅವಳ ಮೈ ಸುಡುತ್ತಿತ್ತು. ಮುಂದಿನದನ್ನು ಮಾತ್ರ ಬಾಯಿಬಿಟ್ಟು ಹೇಳಿದಳು.

“ಗನ್ನು ಕೈಯಲ್ಲೇ ಇತ್ತು ಅತ್ತಿಗೆ. ಒತ್ಬಿಟ್ಟೆ.”

ಯಜಮಾನರ ಬಲಗೈಯ ಹಿಂಬದಿಗೆ ಪಿನ್ನು ಇಳಿದಿತ್ತು. ಮಾರನೆಯ ದಿನ ಅವರು ಮುಂಗೈ ತುಂಬ ಬಿಳಿ ಬ್ಯಾಂಡೇಜು ಸುತ್ತಿಕೊಂಡು ಬಂದರು. ಬೀದಿ ನಾಯಿ ಕಚ್ಚಿತು ಎಂದರು.

*

ಸ್ಟೇಷನ್ನಿಗೆ ನಾನೂ ಅವಳೂ ಹೋದೆವು. ನನ್ನ ಗಂಡ ಲಾರಿ ಇದೆ ಎಂದು ಬರಲಿಲ್ಲ. ಬರೆದುಕೊಳ್ಳುವ ಪೊಲೀಸು ಬನ್ನು ಅದ್ದಿಕೊಂಡು ಚಹಾ ಕುಡಿಯುತ್ತಿದ್ದ. ಅವನ ಜೊತೆ ಇನ್ನೂ ಇಬ್ಬರು ಕುಡಿಯುತ್ತಿದ್ದರು.

“ಕೈ ಮೇಲೆ ಎತ್ತಿದ್ದೆ ಅಂತೀಯ. ಯಾಕೆ ಎತ್ತಿದ್ದೆ?”

“ಬ್ಯಾನರ್ ಹೊಡಿಯೋಕೆ.”

“ಎತ್ತದೇ ಹೊಡಿಯೋಕಾಗಲ್ವಾ?”

ಏಣಿ ನನ್ನ ಮುಖ ನೋಡಿದಳು. ನಾನು, “ಬ್ಯಾನರ್ ಮೇಲಿರುತ್ತೆ ಸಾರ್,” ಎಂದೆ.

“ನಿನ್ನ ಕೇಳಿಲ್ಲ. ಏನಮ್ಮಾ, ಹೆಂಗೆ ಎತ್ತಿದ್ದೆ? ತೋರಿಸು.”

ಅವಳು ಎದ್ದು ನಿಂತು ಕೈ ಎತ್ತಿದಳು. ಮೂವರೂ ಲೋಟ ಕೆಳಗಿಟ್ಟು ನೋಡಿದರು. ಪೊಲೀಸು ಪೆನ್ನಿನಲ್ಲಿ ಗಾಳಿಗೆ ತಿವಿದು, “ಇನ್ನೂ ಸ್ವಲ್ಪ ಮೇಲೆ,” ಎಂದ. ಅವಳು ಇನ್ನೂ ಎತ್ತಿದಳು. “ಹೂಂ,” ಎಂದು ಅವನು ಉಳಿದ ಬನ್ನು ಬಾಯಿಗೆ ಹಾಕಿಕೊಂಡ. ಇಳಿಸು ಎಂದು ಯಾರೂ ಹೇಳಲಿಲ್ಲ. ನಾನೇ ಎದ್ದು ಅವಳ ಕೈ ಹಿಡಿದು ಇಳಿಸಿದೆ.

“ನೋಡು,” ಎಂದ ಅವನು, “ಅವರು ನಾಯಿ ಅಂತಾರೆ, ನೀನು ಪಿನ್ನು ಅಂತೀಯ. ನಾನು ಯಾರನ್ನ ನಂಬ್ಲಿ? ನಾಯೀನೂ ಕರೆಸಿ ಕೇಳ್ಲಾ?” ಮೂವರೂ ನಕ್ಕರು. ನಕ್ಕು ಮುಗಿದ ಮೇಲೆ ಬರೆದುಕೊಂಡ. ಬರೆದುಕೊಂಡಿದ್ದಕ್ಕೆ ನಾವು ಅವನಿಗೆ ಕೈ ಮುಗಿದೆವು.

ಸುದ್ದಿ ನಮಗಿಂತ ಮೊದಲೇ ಬೀದಿ ಮುಟ್ಟಿತ್ತು. ಅಲ್ಲಿಂದ ನಾಯಿ ಬೆಳೆಯತೊಡಗಿತು. ಮೊದಲು ಅದು ಬರೀ ಬೀದಿ ನಾಯಿ. ನಲ್ಲಿಯ ಹತ್ತಿರ ಹುಚ್ಚು ನಾಯಿಯಾಯಿತು. ಕ್ಷೌರದ ಅಂಗಡಿಯಲ್ಲಿ ಅದು ಒಂದು ಮಗುವಿನ ಮೇಲೆ ಹಾರಿತ್ತು, ಯಜಮಾನರು ನಡುವೆ ಕೈ ಕೊಟ್ಟಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಆ ಮಗುವಿನ ತಾಯಿಯನ್ನು ಕಂಡವರೂ ಸಿಕ್ಕರು. ಆ ವಾರದ ಕೊನೆಗೆ ಯಜಮಾನರ ಹೊಸ ಪೋಸ್ಟರು ಶೆಡ್ಡಿಗೆ ಬಂತು: ಬ್ಯಾಂಡೇಜು ಕಟ್ಟಿದ ಕೈಯನ್ನು ಎದೆಯ ಹತ್ತಿರ ಹಿಡಿದು ನಗುತ್ತಿರುವ ಚಿತ್ರ, ಕೆಳಗೆ ‘ನಿಮಗಾಗಿ ನೊಂದ ಕೈ’. ಅದನ್ನೂ ಏಣಿಯೇ ಅಂಟಿಸಿದಳು. ಅವಳನ್ನು ಕೆಲಸದಿಂದ ತೆಗೆಯಬೇಡಿ ಎಂದು ವಕೀಲರು ಹೇಳಿದ್ದರಂತೆ. ತೆಗೆದರೆ ತಪ್ಪು ಒಪ್ಪಿಕೊಂಡ ಹಾಗೆ, ಇಟ್ಟುಕೊಂಡರೆ ದೊಡ್ಡ ಗುಣ.

“ದೊಡ್ಡ ಗುಣ ನೋಡ್ರೇ,” ಎಂದು ನಲ್ಲಿಯ ಹತ್ತಿರ ನಮ್ಮ ಪಕ್ಕದ ಕೋಣೆಯವಳೇ ಹೇಳಿದಳು. “ಅಷ್ಟೆಲ್ಲಾ ಅನ್ನಿಸ್ಕೊಂಡ್ರೂ ಅನ್ನ ಹಾಕ್ತಿದಾರೆ. ಬೇರೆಯವ್ರಾಗಿದ್ರೆ ಒದ್ದು ಓಡಿಸ್ತಿದ್ರು.”

“ಅವ್ರ ಕೈಗೆ ಗಾಯ ಆಗಿದ್ದು ಹೆಂಗೆ ಅಂತ ನಿಂಗೆ ಗೊತ್ತಲ್ಲ,” ಎಂದೆ.

“ಗೊತ್ತಪ್ಪ. ಆದ್ರೆ ಆ ವಯಸ್ಸಲ್ಲಿ, ಆ ಕೈಯಿಟ್ಕೊಂಡು, ಬಿಸಿಲಲ್ಲಿ ಮನೆಮನೆ ತಿರುಗ್ತಾರಲ್ಲ. ಕರುಳು ಚುರುಕ್ ಅನ್ನಲ್ವಾ?”

ಬೊಕ್ಕಜ್ಜಿ ಕೊಡ ಕುಕ್ಕಿದಳು. “ನಿನ್ನ ಕರುಳಿಗಿಷ್ಟು. ನಾಳೆ ಅವನು ನಿನ್ನ ಮಗಳ ಮೇಲೆ ಕೈ ಹಾಕ್ಲಿ, ಆ ಕೈಗೂ ಎಣ್ಣೆ ಹಚ್ಚು.”

“ಅಜ್ಜಿ, ಬಾಯಿ ಬಿಗಿಹಿಡಿ.”

“ಹಲ್ಲೇ ಇಲ್ಲ, ಎಲ್ಲಿಂದ ಬಿಗಿಹಿಡೀಲಿ.”

ಹಿಂಬಾಗಿಲವರ ಕಡೆಯವರೆಲ್ಲ ಏಣಿಯ ಮಾತು ನಿಜವೆಂದರು. ಅವರಲ್ಲಿ ಒಬ್ಬರೂ ಅವಳನ್ನು ಕೇಳಿರಲಿಲ್ಲ. ಮುಂಬಾಗಿಲವರ ಕಡೆಯವರೆಲ್ಲ ಸುಳ್ಳೆಂದರು. ಅವರೂ ಕೇಳಿರಲಿಲ್ಲ. ಕೇಳಲು ಬಂದದ್ದು ಹಿಂಬಾಗಿಲವರ ಹೆಂಗಸರ ಘಟಕದ ಅಕ್ಕಾವ್ರು ಒಬ್ಬರೇ. ಕಾರನ್ನು ಬೀದಿಯ ತುದಿಯಲ್ಲಿ ನಿಲ್ಲಿಸಿ, ಸೆರಗು ಎತ್ತಿ ಹಿಡಿದು, ಚರಂಡಿ ದಾಟಿ ನಮ್ಮ ಕೋಣೆಗೆ ಬಂದರು. ಕೂರಲು ಇದ್ದ ಒಂದೇ ಸ್ಟೂಲನ್ನು ಒರೆಸಿ ಕೊಟ್ಟೆ. ಅವರು ಇನ್ನೊಮ್ಮೆ ಒರೆಸಿ ಕುಳಿತರು.

“ನಡೆದದ್ದು ಹೇಳಮ್ಮ.”

ಏಣಿ ಹೇಳಿದಳು. ಚಿಕ್ಕದಾಗಿ, ಬೆನ್ನು ನೆಟ್ಟಗೆ ಇಟ್ಟುಕೊಂಡು ಹೇಳಿದಳು.

ಅಕ್ಕಾವ್ರ ಮುಖ ಸಪ್ಪಗಾಯಿತು. “ಹಿಂಗೆ ಹೇಳಿದ್ರೆ ಯಾರು ನಂಬ್ತಾರೆ? ಲೆಕ್ಕ ಒಪ್ಸಿದ ಹಾಗಿದೆ. ಒಂಚೂರು ಬಗ್ಗಿ ಕೂತ್ಕೋ. ನೀನು ತುಂಬಾ ಉದ್ದ, ನೊಂದವಳ ಹಾಗೆ ಕಾಣಲ್ಲ. ಕಣ್ಣಲ್ಲಿ ನೀರು ಬರಲ್ವಾ ನಿಂಗೆ?”

“ಬಂದಿತ್ತು. ಆವತ್ತೇ.”

“ಆವತ್ತು ಕ್ಯಾಮೆರಾ ಇತ್ತೇನು?” ಎಂದರು ಅಕ್ಕಾವ್ರು. “ಇನ್ನೊಂದು ವಿಷ್ಯ. ಆ ಪಿನ್ನಿನ ಸುದ್ದಿ ಬೇಡ. ಹೊಡೆದೆ ಅಂದ್ರೆ ಜನಕ್ಕೆ ಕನಿಕರ ಬರಲ್ಲ. ಕೈಯಲ್ಲಿ ಏನೂ ಇರ್ಲಿಲ್ಲ ಅಂತ ಹೇಳು.”

ಏಣಿ ಮಾತಾಡಲಿಲ್ಲ. ಅವಳ ಮೌನ ಒಪ್ಪಿಗೆಯೆಂದು ತಿಳಿದು ಅಕ್ಕಾವ್ರು ಎದ್ದರು. ನನಗೆ ಅವಳ ಮೌನಗಳು ಗೊತ್ತು. ಒಪ್ಪಿದಾಗ ಅವಳು ಉಗುರಿನ ಅಂಟು ಕೆರೆಯುತ್ತಾಳೆ. ಅಂದು ಅವಳ ಕೈ ಮಡಿಲಲ್ಲಿ ಅಲುಗದೆ ಬಿದ್ದಿತ್ತು.

*

ಮುಂಬಾಗಿಲವರು ಯಜಮಾನರಿಗೆ ಟಿಕೆಟ್ ಕೊಡಲಿಲ್ಲ. ಏಣಿಯ ದೂರಿಗೂ ಅದಕ್ಕೂ ಸಂಬಂಧವಿರಲಿಲ್ಲ. ಪಕ್ಷದ ದೊಡ್ಡವರ ಅಳಿಯನೊಬ್ಬ ಖಾಲಿ ಕೂತಿದ್ದ. ಯಜಮಾನರು ಒಂದು ಮಧ್ಯಾಹ್ನ ಕಣ್ಣೊರೆಸಿಕೊಂಡು, ಆತ್ಮಗೌರವ ಎಂದು ಏನೋ ಹೇಳಿ, ಹಿಂಬಾಗಿಲವರನ್ನು ಸೇರಿದರು. ಹಿಂಬಾಗಿಲವರು ಅವರಿಗೆ ಹಾರ ಹಾಕಿ ಅಲ್ಲೇ ಟಿಕೆಟ್ ಕೊಟ್ಟರು.

ಸಂಜೆಯೊಳಗೆ ಬೀದಿ ತನ್ನ ಅಭಿಪ್ರಾಯವನ್ನು ಮಗ್ಗುಲು ಬದಲಿಸಿ ಮಲಗಿಸಿತು. ಕ್ಷೌರದ ಅಂಗಡಿಯವನು ಮುಂಬಾಗಿಲವರ ಭಕ್ತ. ನಿನ್ನೆಯವರೆಗೆ ಏಣಿ ಅಂಗಡಿಯ ಮುಂದೆ ಹಾದರೆ ಕತ್ತರಿ ನಿಲ್ಲಿಸಿ ಉಗುಳುತ್ತಿದ್ದವನು ಅಂದು ಹೊರಗೆ ಬಂದು, “ಹೆದರ್ಬೇಡಮ್ಮ, ನಾವಿದೀವಿ. ಹೆಣ್ಣು ಮಕ್ಕಳು ಸುಮ್ನೆ ಯಾಕೆ ಹೇಳ್ತಾರೆ ಅಂತ ನಾನು ಮೊದಲಿಂದ್ಲೂ ಹೇಳ್ತಿದ್ದೆ,” ಎಂದ. ಹಿಂಬಾಗಿಲವರ ಕಡೆಯ ಹಾಲಿನವನು, ಮೊದಲು ಅವಳನ್ನು ‘ನಮ್ಮ ಮಗಳು’ ಎನ್ನುತ್ತಿದ್ದವನು, ಈಗ ಪಾತ್ರೆಗೆ ಹಾಲು ಹೊಯ್ಯುತ್ತ ನನ್ನ ಕೇಳಿದ: “ಅಲ್ಲ, ಒಳಗೆ ಹೋದಾಗ ಬಾಗಿಲು ಹಾಕಿದ್ದು ಯಾರು ಅಂತ ಸರಿಯಾಗಿ ಕೇಳಿದ್ರಾ?”

“ಹಾಲು ಚೆಲ್ತಿದೆ ನೋಡಪ್ಪ,” ಎಂದೆ.

ಶೆಡ್ಡಿನಲ್ಲಿ ಮೇಸ್ತ್ರಿ ತಲೆ ಮೇಲೆ ಕೈ ಹೊತ್ತು ಕುಳಿತಿದ್ದ. ಎರಡೂ ಕಡೆಯ ಮಾಲು ತಯಾರಾಗಿ ರಾಶಿ ಬಿದ್ದಿತ್ತು. ಆಮೇಲೆ ಅವನಿಗೆ ಬೆಳಕು ಹೊಳೆಯಿತು. “ಒಂದು ಹಾಳೇನೂ ಹರೀಬೇಡಿ. ಬಾಗಿಲು ಬದಲಾಯಿಸಿ, ಅಷ್ಟೇ. ಏಣಿ ಮುಂಬಾಗಿಲಿಗೆ, ಯಜಮಾನ್ರು ಹಿಂಬಾಗಿಲಿಗೆ.”

ಹೇಳಿ ಅವನು ಯಜಮಾನರ ಹಾರಗಳನ್ನು ಸಾಗಿಸಲು ಹೋದ. ನನ್ನನ್ನೂ ಏಣಿಯನ್ನೂ ಬಾವುಟದ ಅಂಚು ಹೊಲಿಯಲು ಒಳಗಿನ ಕೋಣೆಗೆ ಹಾಕಿದ್ದ. ಲಾರಿ ತುಂಬಿದವರು ಬೊಕ್ಕಜ್ಜಿ ಮತ್ತು ಅವಳ ಗುಂಪು. ವರ್ಷಗಟ್ಟಲೆಯ ಕೈರೂಢಿ ಒಂದು ಮಾತಿಗೆ ಬದಲಾಗುತ್ತದೆಯೇ? ಏಣಿಯ ಮುಖ ಕಂಡೊಡನೆ ಅವರ ಕಾಲು ತಾನಾಗಿ ಹಿಂಬಾಗಿಲಿಗೆ ನಡೆಯಿತು. ನನ್ನ ಗಂಡ ತಾಡಪಾಲು ಎಳೆದು ಕಟ್ಟಿ ಲಾರಿ ಹೊರಡಿಸಿದ.

ಯಜಮಾನರ ಸ್ವಾಗತದ ಸಭೆಯಲ್ಲಿ ಜನ ಕೈಗೆ ಸಿಕ್ಕ ಬೋರ್ಡು ಹಿಡಿದರು. ಯಜಮಾನರು ಬ್ಯಾಂಡೇಜಿನ ಕೈ ಬೀಸುತ್ತ ವೇದಿಕೆ ಹತ್ತಿದಾಗ ಮೈದಾನದ ತುಂಬ ಏಣಿ ಇದ್ದಳು. ‘ನೊಂದ ಹೆಣ್ಣಿಗೆ ನ್ಯಾಯ ಕೊಡಿ’ ಎಂಬ ಅಕ್ಷರಗಳ ಕಾಡಿನ ನಡುವೆ ಜನ ಯಜಮಾನರಿಗೆ ಜೈಕಾರ ಹಾಕಿದರು. ಇದನ್ನು ನನ್ನ ಗಂಡ ಲಾರಿಯಲ್ಲಿ ಕುಳಿತು ಕಂಡು ಬೆವೆತು ಮನೆಗೆ ಬಂದ. “ಮುಗೀತು. ನಾಳೆ ನಮ್ಮ ಸಾಮಾನು ಬೀದೀಲಿ,” ಎಂದು ಗೋಡೆಗೊರಗಿ ಕುಳಿತ.

ಏನೂ ಆಗಲಿಲ್ಲ. ಒಬ್ಬರೂ ಗಮನಿಸಿರಲಿಲ್ಲ. ಮರುದಿನದ ಪತ್ರಿಕೆಯಲ್ಲಿ ಆ ಬೋರ್ಡುಗಳ ನಡುವೆ ಕೈಯೆತ್ತಿ ನಿಂತ ಯಜಮಾನರ ದೊಡ್ಡ ಫೋಟೋ ಬಂತು. ಕೆಳಗೆ ‘ನೊಂದ ಮಹಿಳೆಯ ಬೆನ್ನಿಗೆ ನಿಂತ ನಾಯಕ’ ಎಂದಿತ್ತು.

ಬೊಕ್ಕಜ್ಜಿಗೆ ನಾನು ಅದನ್ನು ಓದಿ ಹೇಳಿದೆ. ಅವಳು ಬಹಳ ಹೊತ್ತು ನಕ್ಕಳು. ನಕ್ಕು ನಕ್ಕು ಕೆಮ್ಮಿ, “ಬೆನ್ನಿಗೇ ನಿಂತಿದ್ದ ಕಣೇ ಆವತ್ತೂ,” ಎಂದಳು. ಆಮೇಲೆ ಏಣಿಯ ಕಡೆ ನೋಡಿ ನಗು ನಿಲ್ಲಿಸಿದಳು.

*

ಆ ಫೋಟೋ ಅಕ್ಕಾವ್ರ ತಲೆಯಲ್ಲಿ ದೀಪ ಹಚ್ಚಿತು. ಈ ಸಲ ಅವರ ಕಾರು ನೇರ ಶೆಡ್ಡಿಗೆ ಬಂತು.

“ಜನ ನಂಬ್ತಿದಾರೆ,” ಎಂದರು ಮೇಸ್ತ್ರಿಗೆ. “ಇನ್ನು ಒಂದೇ ಬಾಕಿ. ಈ ಹುಡುಗಿ ವೇದಿಕೆಗೆ ಬರ್ಬೇಕು. ಮಾತು ಬೇಡ, ಮಾತಾಡಿದ್ರೆ ಕೆಡುತ್ತೆ. ಯಜಮಾನ್ರ ಕೈಯ ಬ್ಯಾಂಡೇಜು ಬಿಚ್ಚಿ ಹೊಸದು ಕಟ್ಲಿ. ಅಣ್ಣನ ಗಾಯಕ್ಕೆ ತಂಗಿ ಕೈಯಾರೆ ಪಟ್ಟಿ. ಅಷ್ಟು ಕಂಡ್ರೆ ಯಾವ ಆರೋಪ ನಿಲ್ಲುತ್ತೆ?”

ಏಣಿ ರಟ್ಟು ಕತ್ತರಿಸುತ್ತಿದ್ದಳು. ಅವಳನ್ನು ಕರೆಯದೆ ಅವಳ ಬಗ್ಗೆ ಮಾತಾಡುತ್ತಿದ್ದರು. ಕೊನೆಗೆ ಅಕ್ಕಾವ್ರು ಅವಳ ಗಲ್ಲ ಹಿಡಿದು, “ಆವತ್ತು ಅಳು ಅಂದಿದ್ದೆನಲ್ಲ, ಅದನ್ನ ಮರೆತುಬಿಡು. ಈಗ ನಗ್ಬೇಕು. ಹಲ್ಲು ಕಾಣೋ ಹಾಗೆ ಬೇಡ, ತುಟಿಯಲ್ಲಿ,” ಎಂದರು.

“ಬರ್ದೇ ಇದ್ರೆ?” ಎಂದಳು ಏಣಿ.

ಮೇಸ್ತ್ರಿ ಮುಂದೆ ಬಂದ. “ಬರ್ದೇ ಇದ್ರೆ ರೂಮು ಖಾಲಿ. ಲಾರಿ ಕೀಲಿ ವಾಪಸ್. ನಿಮ್ಮತ್ತಿಗೆ, ನಿಮ್ಮಣ್ಣ, ನೀನು, ಮೂರು ಜನನೂ ಬೀದೀಲಿ. ಮುಂಡೇದೇ, ಯಾರ ಅನ್ನ ತಿಂದು ಉದ್ದ ಬೆಳೆದಿದ್ದೀಯ ಅಂತ ಒಂದು ಸಲ ಯೋಚ್ನೆ ಮಾಡು.”

ಅಲ್ಲೇ ಅಭ್ಯಾಸ ಮಾಡಿಸಿದರು. ಮೇಸ್ತ್ರಿ ತನ್ನ ಕೈಗೆ ಬಾವುಟದ ಬಿಳಿ ಬಟ್ಟೆ ಸುತ್ತಿಕೊಂಡು ರಟ್ಟಿನ ರಾಶಿಯ ಮೇಲೆ ಯಜಮಾನರಂತೆ ಗತ್ತಿನಿಂದ ಕುಳಿತ. “ಪೂರ್ತಿ ಬಿಚ್ಬೇಡ,” ಎಂದರು ಅಕ್ಕಾವ್ರು. “ಮೇಲಿನ ಎರಡು ಸುತ್ತು ಸಾಕು. ಅದರ ಮೇಲೇ ಹೊಸದು ಕಟ್ಟು. ಅವರ ಕಣ್ಣಲ್ಲಿ ನೀರು ಬರುತ್ತೆ, ಅದನ್ನ ಅವರೇ ನೋಡ್ಕೋತಾರೆ. ಅತ್ತಿಗೆ ತಟ್ಟೆ ಹಿಡ್ಕೊಂಡು ಪಕ್ಕದಲ್ಲಿ ನಿಲ್ಲಲಿ. ಮನೆಯವ್ರೂ ಇದಾರೆ ಅಂತ ಕಾಣುತ್ತೆ.”

ಏಣಿ ಮೇಸ್ತ್ರಿಯ ಕೈಗೆ ಬಟ್ಟೆ ಸುತ್ತಿದಳು. ಅವನು, “ಮೆತ್ತಗೆ ಕಣೇ, ಗಾಯ ಇದೆ,” ಎಂದು ಹಲ್ಲು ಕಿರಿದ. ಶೆಡ್ಡಿನಲ್ಲಿ ಯಾರೂ ನಗಲಿಲ್ಲ.

ಸಂಜೆ ನಲ್ಲಿಯ ಕಟ್ಟೆಯ ಮೇಲೆ ಕುಳಿತು ನಾವಿಬ್ಬರೂ ಕೈಯ ಅಂಟು ಉಜ್ಜುತ್ತಿದ್ದೆವು. ನನ್ನ ಗಂಡ ಬಾಗಿಲಲ್ಲಿ ನಿಂತು ಲಾರಿಯ ಕೀಲಿಯನ್ನು ಈ ಕೈಯಿಂದ ಆ ಕೈಗೆ ಹಾಕುತ್ತಿದ್ದ.

“ನೀನೇನ್ ಹೇಳ್ತೀಯಣ್ಣ?” ಎಂದಳು ಏಣಿ.

“ನಾನೇನ್ ಹೇಳ್ಲಿ,” ಎಂದು ಅವನು ಒಳಗೆ ಹೋದ.

“ನೀನು ಅತ್ತಿಗೆ?”

ನನ್ನ ಬಾಯಿಗೆ ಎರಡು ಮಾತು ಬಂದವು. ಹೇಳಿದ್ದು ಒಂದನ್ನು. “ಹೋಗ್ಬರೋಣ. ಎರಡು ಸುತ್ತು ಬಟ್ಟೆ ತಾನೇ. ರೂಮು ಹೋದ್ರೆ ಎಲ್ಲಿಗೆ ಹೋಗೋದು?”

ಅವಳು ನನ್ನ ಮೇಲೆ ಸಿಟ್ಟಾಗಲಿಲ್ಲ. ನೀರು ಬಿಟ್ಟು ಕೈ ತೊಳೆದಳು. ಅಂಟು ಹೋದ ಮೇಲೂ ಬಹಳ ಹೊತ್ತು ತೊಳೆದಳು. “ಅತ್ತಿಗೆ, ಎಲ್ರೂ ನನ್ನ ಮುಖಾನೇ ನೋಡಿದ್ರು. ಅಳ್ತೀನಾ, ನಗ್ತೀನಾ, ಬಗ್ತೀನಾ ಅಂತ,” ಎಂದಳು. “ಆ ಕೈ ಯಾರಾದ್ರೂ ನೋಡಿದಾರಾ?”

“ಊರೆಲ್ಲಾ ನೋಡಿದೆಯಲ್ಲೇ.”

“ಬಟ್ಟೆ ನೋಡಿದಾರೆ,” ಎಂದಳು.

*

ಮೈದಾನದಲ್ಲಿ ಬಿಸಿಲು. ನಮ್ಮ ಶೆಡ್ಡಿನ ಹೆಂಗಸರನ್ನೆಲ್ಲ ಲಾರಿಯಲ್ಲಿ ತಂದು ಹಗ್ಗದ ಹಿಂದೆ ಕೂರಿಸಿದ್ದರು. ಮುಂದಿನ ಕುರ್ಚಿಗಳಲ್ಲಿ ಅಂಗಡಿಯವರು, ವಕೀಲರು, ವಯಸ್ಸಾದ ಗಂಡಸರು. ಒಬ್ಬ ವೇದಿಕೆಯ ತುದಿಯಲ್ಲಿ ನಿಂತು ಮೈಕಿನಲ್ಲಿ ಯಜಮಾನರ ಗಾಯವನ್ನು ಹೊಗಳುತ್ತಿದ್ದ. ಬರೀ ನಾಯಿಕಡಿತ ಹೋಗಿ ಈಗ ಅದು ವಿರೋಧಿಗಳ ಪಿತೂರಿಯಾಗಿತ್ತು; ಮುಂಬಾಗಿಲವರೇ ನಾಯಿ ಬಿಟ್ಟಿದ್ದರು.

ನಮ್ಮನ್ನು ಕರೆದರು. ಸ್ಟೀಲಿನ ತಟ್ಟೆಯಲ್ಲಿ ಹೊಸ ಬ್ಯಾಂಡೇಜಿನ ಸುರುಳಿ ಇಟ್ಟುಕೊಂಡು ನಾನು ಏಣಿಯ ಹಿಂದೆ ಮೆಟ್ಟಿಲು ಹತ್ತಿದೆ. ಯಜಮಾನರು ದೊಡ್ಡ ಕುರ್ಚಿಯಿಂದ ಎದ್ದು ನಿಂತರು. ಅವರ ತಲೆ ಅವಳ ಭುಜಕ್ಕೆ ಬರುತ್ತಿತ್ತು. “ಬಾ ತಂಗಿ,” ಎಂದು ಎದುರಿಗಿದ್ದ ಇನ್ನೊಂದು ಮೈಕಿಗೆ ಕೇಳುವಂತೆ ಹೇಳಿ ಬಲಗೈ ಚಾಚಿದರು. ಮೈದಾನ ಚಪ್ಪಾಳೆ ತಟ್ಟಿತು.

ಏಣಿ ಮೊದಲ ಸುತ್ತು ಬಿಚ್ಚಿದಳು. ಎರಡನೆಯದನ್ನು ಬಿಚ್ಚಿದಳು. ಅಕ್ಕಾವ್ರು ನನ್ನ ಕಡೆ ಕಣ್ಸನ್ನೆ ಮಾಡಿದರು. ನಾನು ತಟ್ಟೆ ಮುಂದೆ ಚಾಚಿದೆ. ಏಣಿ ತಟ್ಟೆಯ ಕಡೆ ನೋಡದೆ ಮೂರನೆಯದನ್ನು ಬಿಚ್ಚಿದಳು.

“ಸಾಕು,” ಎಂದರು ಯಜಮಾನರು ತುಟಿಯೊಳಗೆ, ನಗುತ್ತಲೇ.

ಬಟ್ಟೆ ಬರುತ್ತಲೇ ಇತ್ತು. ಅದರಿಂದ ಔಷಧಿಯ ವಾಸನೆ ಬರಲಿಲ್ಲ, ಸೆಂಟಿನ ವಾಸನೆ ಬಂತು. ಮೇಲಿನ ಸುತ್ತಿನ ಕೆಂಪು ಕಲೆ ಒಳಗಿನ ಸುತ್ತುಗಳಿಗೆ ಇಳಿದಿರಲಿಲ್ಲ. ಅವರು ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದರು. ಅವಳು ಮಣಿಕಟ್ಟನ್ನು ಹಿಡಿದುಕೊಂಡಿದ್ದಳು. ದಿನವಿಡೀ ಗನ್ನು ಒತ್ತುವ ಕೈ ಅದು. ಬಟ್ಟೆಯೆಲ್ಲ ಸುರುಳಿಯಾಗಿ ಅವರ ಚಪ್ಪಲಿಯ ಮೇಲೆ ಬಿತ್ತು.

ಒಳಗೆ ಕೈ ಇತ್ತು. ಗಾಯ ಎಂದೋ ಮಾಯ್ದು ಹೋಗಿತ್ತು. ಕೂದಲು ಬೋಳಿಸಿ ಬೆಳ್ಳಗಾದ ಚರ್ಮದ ಮೇಲೆ ಪಕ್ಕಪಕ್ಕದಲ್ಲಿ ಎರಡು ಕಂದು ಚುಕ್ಕೆಗಳು, ಪಿನ್ನಿನ ಎರಡು ಕಾಲು ಊರಿದಷ್ಟೇ ದೂರದಲ್ಲಿ.

ಅವಳು ಆ ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಯಜಮಾನರು ಅದರೊಡನೆ ತುದಿಗಾಲಿನ ಮೇಲೆ ತುಸು ಮೇಲೆದ್ದರು. ಮೈಕಿನವನು ದನಿ ಏರಿಸಿದ. “ನೋಡಿ ಬಂಧುಗಳೇ, ತಂಗಿಯ ಕೈ ತಾಗಿದ್ದೇ ತಡ, ಅಣ್ಣನ ಗಾಯ ಮಾಯ.”

ಮೈದಾನಕ್ಕೆ ಮೈದಾನವೇ ಚಪ್ಪಾಳೆ ತಟ್ಟಿತು. ಕೆಲವರು ಶಿಳ್ಳೆ ಹಾಕಿದರು. ಒಬ್ಬ ಹೆಂಗಸು ನಿಜವಾಗಿ ಕಣ್ಣೊರೆಸಿಕೊಂಡಳು. ಏಣಿ ಕಾದಳು. ಚಪ್ಪಾಳೆ ತಾನಾಗಿ ದಣಿದು ನಿಲ್ಲುವವರೆಗೂ ಆ ಕೈಯನ್ನು ಕೆಳಗಿಳಿಸಲಿಲ್ಲ. ಆಮೇಲೆ ಮೈಕಿನ ಕಡೆಗೆ ಬಾಗಿದಳು.

“ಇದು ನಾಯಿ ಕಚ್ಚಿದ್ದಲ್ಲ. ಪಿನ್ನು. ನಾನು ಹೊಡೆದಿದ್ದು. ಹೊಡಿಯೋವಾಗ ಈ ಕೈ ಎಲ್ಲಿತ್ತು ಅಂತ ಇವ್ರನ್ನ ಕೇಳಿ.”

ಅಭ್ಯಾಸಬಲದಿಂದ ಎಲ್ಲೋ ಒಬ್ಬ ಚಪ್ಪಾಳೆ ಶುರುಮಾಡಿದ. ಪಕ್ಕದವರು ಅವನನ್ನು ನೋಡಿದರು. ಅವನು ನಿಲ್ಲಿಸಿದ. ಹಗ್ಗದ ಹಿಂದೆ ನಮ್ಮವರ ನಡುವೆ ಬೊಕ್ಕಜ್ಜಿ ಎದ್ದು ನಿಂತಿದ್ದಳು. ಅವಳ ಸುತ್ತ ಒಬ್ಬೊಬ್ಬರೇ ಏಳುತ್ತಿದ್ದರು.

ಏಣಿ ಕೈ ಬಿಟ್ಟಳು. ಊರೂರು ತಿರುಗಿ ತೋರಿಸಿದ ಆ ಕೈಯನ್ನು ಯಜಮಾನ ತಟ್ಟನೆ ಜೇಬಿಗೆ ಹಾಕಿಕೊಂಡ. ಮುಖದ ಮೇಲೆ ನಗು ಇನ್ನೂ ಹಾಗೇ ಇತ್ತು, ತೆಗೆಯಲು ಮರೆತ ಬೋರ್ಡಿನ ಹಾಗೆ.

“ಏಯ್, ಹೊಸ ಪಟ್ಟಿ ಕೊಡೇ. ಬೇಗ ಸುತ್ತು,” ಎಂದರು ಅಕ್ಕಾವ್ರು ನನ್ನ ಕಿವಿಯ ಹತ್ತಿರ. ಮೆಟ್ಟಿಲ ಬುಡದಿಂದ ಮೇಸ್ತ್ರಿ ಹಲ್ಲು ಕಚ್ಚಿ, “ರೂಮು ನೆನಪಿದೆ ತಾನೇ? ಲೌಡಿ, ಕೊಡು ಅದನ್ನ,” ಎಂದ.

ರೂಮು ನೆನಪಿತ್ತು. ಒಲೆ, ಒಂದು ಸ್ಟೂಲು, ಗೋಡೆಗೆ ನಾನೇ ಬಳಿದ ಸುಣ್ಣ. ತಟ್ಟೆಯಲ್ಲಿದ್ದ ಸುರುಳಿಯನ್ನು ಎತ್ತಿದೆ. ಅಕ್ಕಾವ್ರು ಕೈ ಚಾಚಿದರು. ನಾನು ಅದನ್ನು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು, ಖಾಲಿ ತಟ್ಟೆಯನ್ನು ಅವರ ಕೈಗೆ ಕೊಟ್ಟೆ.

“ಜೇಬಿಂದ ತೆಗೀರಿ,” ಎಂದಳು ಏಣಿ ಮೈಕಿನಲ್ಲಿ. ಅವಳ ದನಿ ಶೆಡ್ಡಿನಲ್ಲಿ ರಟ್ಟು ಕೇಳುವಾಗಿನಷ್ಟೇ ಇತ್ತು. “ಜನ ನೋಡ್ಲಿ.”

ಮೈಕು ಗುಂಯ್ ಎನ್ನುತ್ತಿತ್ತು. ಮುಂದಿನ ಸಾಲಿನಲ್ಲಿ ವಯಸ್ಸಾದ ಗಂಡಸೊಬ್ಬ ಕನ್ನಡಕ ಏರಿಸಿಕೊಂಡು, ಕೈ ಕಂಡೀತೆಂದು ಕುರ್ಚಿಯಿಂದ ಅರ್ಧ ಮೇಲೆದ್ದಿದ್ದ. ಪಕ್ಕದವನು ಅವನ ಅಂಗಿ ಹಿಡಿದು ಎಳೆಯುತ್ತಿದ್ದ. ಅವನು ಕೂರಲೂ ಇಲ್ಲ, ಪೂರ್ತಿ ಏಳಲೂ ಇಲ್ಲ.